ಹೊಳ್ಳಿ ಮೊದಲಿಂದ

ಧಾರವಾಡದಿಂದ ಬೆಳಗಾವಿ ಕಡೆ ಹೊರಟರೆ, ಹೈಕೋರ್ಟ್ ಪೀಠದ ಕಟ್ಟಡದ ಆಸುಪಾಸಿನಿಂದಲೇ ಬೇಲೂರು ಕೈಗಾರಿಕಾ ಪ್ರದೇಶದ ಗಾಳಿ ತಾಗತೊಡಗುತ್ತದೆ. ಇದು ಚೆನ್ನಕೇಶವನ ಬೇಲೂರಲ್ಲ. ಲಾರಿ, ಬಸ್ಸು, ಮಣ್ಣು ಅಗೆಯುವ ಯಂತ್ರ ತಯಾರಾಗುವ ಬೇಲೂರು. ಟಾಟಾ ಮೋಟರ್ಸ್, ಮಾರ್ಕೊಪೋಲೊ, ಟಾಟಾ ಹಿಟಾಚಿ ಇಂಥ ದೊಡ್ಡ ಹೆಸರುಗಳನ್ನು ಎಲ್ಲರೂ ಬಲ್ಲರು. ಒಳರಸ್ತೆಗಳಲ್ಲಿ ತಗಡಿನ ಚಾವಣಿಯ ಶೆಡ್ಡುಗಳಿವೆ. ಎರಡು ಲೇತು, ಪ್ರೋಗ್ರಾಮಿನಂತೆ ಲೋಹ ಕಡೆಯುವ ಒಂದು ವಿಎಂಸಿ ಯಂತ್ರ, ಮೂಲೆಯಲ್ಲೊಂದು ಕಂಪ್ರೆಸರ್, ಗಾಜಿನ ಕ್ಯಾಬಿನ್ನಿನಲ್ಲಿ ಒಂದು ಕಂಪ್ಯೂಟರ್. ಡ್ರಾಯಿಂಗ್ ತೆರೆಯುವುದೂ ಅದರಲ್ಲೇ, ಯಂತ್ರಕ್ಕೆ ಪ್ರೋಗ್ರಾಂ ಕಳಿಸುವುದೂ ಅದರಲ್ಲೇ, ಜಿಎಸ್‌ಟಿ ಬಿಲ್ಲು ಹರಿಯುವುದೂ ಅದರಲ್ಲೇ. ಅದೊಂದು ನಿಂತರೆ ಇಡೀ ಶೆಡ್ಡು ಕೈಕಟ್ಟಿ ಕೂರಬೇಕು.

ಅಂಥ ಒಂದು ಶೆಡ್ಡಿನಿಂದ ನನಗೆ ಕರೆ ಬಂತು. “ಸರ, ನಿನ್ನೆಯಿಂದ ಏಳು ಸಲ ಹಾಕೇವ್ರಿ. ಅರ್ಧಕ್ಕ ಬರತೈತಿ, ಒಮ್ಮೆಲೇ ಕಪ್ಪ ಆಗತೈತಿ, ಹೊಳ್ಳಿ ಮೊದಲಿಂದ ಶುರು.”

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿದ ಮೇಲೆ ಇಂಥ ಕರೆಗಳು ಹೆಚ್ಚಾಗಿವೆ. ವರ್ಷಾನುಗಟ್ಟಲೆ ಯಾರೂ ಮುಟ್ಟದೆ ಓಡುತ್ತಿದ್ದ ಯಂತ್ರಗಳಿಗೆ ಈಗ ವಿಂಡೋಸ್ 11 ಹಾಕಿಸಬೇಕು, ಇಲ್ಲವೇ ಲಿನಕ್ಸಿಗೆ ಹೋಗಬೇಕು. ಹಾಕಲು ಕೂತಾಗ ಯಂತ್ರ ಹಟ ಹಿಡಿಯುತ್ತದೆ. ಆಗ ಎಲ್ಲರೂ ಮಾಡುವುದು ಒಂದೇ ಕೆಲಸ: ಮತ್ತೊಮ್ಮೆ ಹಾಕಿ ನೋಡುವುದು. ಎಂಟನೆಯ ಸಲ ಹಾಕುವ ಮೊದಲು ಒಂದು ನೋಟ್‌ಬುಕ್ಕು, ಒಂದು ಗಡಿಯಾರ ಇಟ್ಟುಕೊಳ್ಳಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತ ಬಂದಿದ್ದೇನೆ. ಯಾವಾಗ ರೀಸ್ಟಾರ್ಟ್ ಆಯಿತು ಎಂಬುದರಲ್ಲೇ ಯಾಕೆ ಆಯಿತು ಎಂಬುದರ ಅರ್ಧ ಉತ್ತರ ಇರುತ್ತದೆ.

ಮೊದಲು ಒಂದು ಸಂಗತಿ ಗೊತ್ತಿರಬೇಕು. ಇನ್‌ಸ್ಟಾಲ್ ನಡೆಯುವಾಗ ಕಂಪ್ಯೂಟರ್ ತಾನಾಗಿಯೇ ಎರಡು ಮೂರು ಸಲ ರೀಸ್ಟಾರ್ಟ್ ಆಗಲೇಬೇಕು, ಅದು ರೋಗವಲ್ಲ. ಪೆನ್‌ಡ್ರೈವಿನಿಂದ ಎದ್ದ ಪುಟ್ಟ ವಿಂಡೋಸ್ ಒಂದು, ಒತ್ತಿ ಕಟ್ಟಿಟ್ಟ ಕಡತಗಳನ್ನು ಡಿಸ್ಕಿನ ಮೇಲೆ ಬಿಡಿಸಿ ಹರಡುತ್ತದೆ. ಅದು ಮುಗಿದ ಮೇಲೆ ಯಂತ್ರ ಡಿಸ್ಕಿನಿಂದ ಏಳಬೇಕು. ಅದಕ್ಕೇ ಮೊದಲ ರೀಸ್ಟಾರ್ಟ್. ಬಳಿಕ ಸಾಧನಗಳನ್ನು ಗುರುತಿಸಿ ಇನ್ನೊಮ್ಮೆ. ಎಷ್ಟೋ ಜನ ಎಡವುವುದು ಇಲ್ಲೇ. ಬಯೋಸಿನಲ್ಲಿ, ಅಂದರೆ ಯಂತ್ರ ಏಳುವಾಗ ಮೊದಲು ಓಡುವ ತಂತ್ರಾಂಶದಲ್ಲಿ, ಪೆನ್‌ಡ್ರೈವೇ ಮೊದಲ ಸ್ಥಾನದಲ್ಲಿದ್ದರೆ, ಮೊದಲ ಹಂತ ಸರಿಯಾಗಿ ಮುಗಿದರೂ ಯಂತ್ರ ಮತ್ತೆ ಪೆನ್‌ಡ್ರೈವಿಗೇ ಹೋಗಿ, ಭಾಷೆ ಯಾವುದು ಎಂದು ಮೊದಲಿಂದ ಕೇಳುತ್ತದೆ. ನೋಡಿದವರಿಗೆ ಕೆಟ್ಟುಹೋದಂತೆ ಕಾಣುತ್ತದೆ, ಕೆಟ್ಟಿದ್ದು ಏನೂ ಇರುವುದಿಲ್ಲ. ಮೊದಲ ರೀಸ್ಟಾರ್ಟಿನ ಹೊತ್ತಿಗೆ ಪೆನ್‌ಡ್ರೈವ್ ಕಿತ್ತರೆ ಆಯಿತು. ನಾನು ಶೆಡ್ಡಿಗೆ ಹೋಗುವ ಮೊದಲು ಫೋನಿನಲ್ಲಿ ಕೇಳಿದ್ದೂ ಇದನ್ನೇ. “ಪೆನ್‌ಡ್ರೈವ್ ತಗೀಬೇಕಂತ ಗೊತ್ತೈತ್ರಿ, ಅಲ್ಲಿತನಕಾನೂ ಬರಾಂಗಿಲ್ರಿ” ಅಂದರು. ಹಾಗಾದರೆ ವಿಷಯ ಬೇರೆ.

ಕಂಪ್ಯೂಟರ್ ಮೂರು ಬಗೆಯಲ್ಲಿ ರೀಸ್ಟಾರ್ಟ್ ಆಗುತ್ತದೆ. ಒಂದು, ಕಾರ್ಯಾಚರಣಾ ವ್ಯವಸ್ಥೆಯೇ (ಓಎಸ್) ಯೋಚಿಸಿ ಆಜ್ಞೆ ಕೊಡುವುದು. ಎರಡು, ಅದೇ ವ್ಯವಸ್ಥೆ ದಾರಿ ಕಾಣದೆ ದೋಷದ ಪರದೆ (ಹಿಂದೆ ನೀಲಿ, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಕಪ್ಪು) ತೋರಿಸಿ, ಬಳಿಕ ತಾನೇ ಮತ್ತೆ ಏಳುವುದು. ಮೂರು, ವ್ಯವಸ್ಥೆಗೆ ಸುದ್ದಿಯೇ ಇಲ್ಲದೆ ಕೆಳಗಿನಿಂದ ಯಾರೋ ಕಾಲು ಎಳೆದಂತೆ ಆಗುವುದು. ಮೂರೂ ಹೊರಗಿನಿಂದ ಒಂದೇ ಥರ ಕಾಣುತ್ತವೆ. ಹೀಗಾಗಿ ರಿಪೇರಿಗೆ ಕೂತವರ ಮೊದಲ ಕೆಲಸ ಇವನ್ನು ಬೇರೆ ಮಾಡುವುದು.

ದೋಷದ ಪರದೆ ಕೆಲವೊಮ್ಮೆ ಒಂದೆರಡು ಸೆಕೆಂಡು ಮಿಂಚಿ ಮಾಯವಾಗುತ್ತದೆ. ಅದರ ಮೇಲಿನ ಅಕ್ಷರ ಓದಲು ಕಣ್ಣಿಗೆ ಆಗುವುದಿಲ್ಲ. ಮೊಬೈಲಿನಲ್ಲಿ ವಿಡಿಯೊ ಮಾಡಿ, ಆಮೇಲೆ ನಿಲ್ಲಿಸಿ ನಿಲ್ಲಿಸಿ ನೋಡಿದರೆ ಸಿಗುತ್ತದೆ. ಈಗಾಗಲೇ ಡಿಸ್ಕಿನಲ್ಲಿ ಕೂತ ವಿಂಡೋಸ್ ಆದರೆ, ಸ್ಟಾರ್ಟ್‌ಅಪ್ ಸೆಟ್ಟಿಂಗ್ಸ್ ಪಟ್ಟಿಯಲ್ಲಿ 9ನೆಯದನ್ನು ಒತ್ತಬೇಕು. ಎಡವಿದ ಮೇಲೆ ತಾನಾಗಿ ಎದ್ದು ಓಡಬೇಡ, ಬಿದ್ದಲ್ಲೇ ಇರು ಎಂದು ಹೇಳುವ ಆಯ್ಕೆ ಅದು. ಬಿದ್ದಲ್ಲೇ ಇದ್ದರೆ ಗಾಯ ಎಲ್ಲಿ ಎಂದು ಕಾಣುತ್ತದೆ. ಸೆಟಪ್ ನಡೆಯುತ್ತಿರುವಾಗಲೇ ಶಿಫ್ಟ್ ಹಿಡಿದು ಎಫ್10 ಒತ್ತಿದರೆ ಕಪ್ಪು ಆಜ್ಞಾ ಕಿಟಕಿ ತೆರೆಯುತ್ತದೆ. ‘ಪ್ಯಾಂಥರ್’ ಎಂಬ ಫೋಲ್ಡರಿನಲ್ಲಿ ಸೆಟಪ್ ತನ್ನ ದಿನಚರಿ ಬರೆದಿಟ್ಟಿರುತ್ತದೆ. ಕೊನೆಯ ಸಾಲುಗಳಲ್ಲಿ ದೋಷವೊಂದು ದಾಖಲಾಗಿದ್ದರೆ ಅದು ವ್ಯವಸ್ಥೆಗೆ ಗೊತ್ತಿದ್ದ ತೊಂದರೆ. ವಾಕ್ಯದ ನಡುವೆ ಪೆನ್ನು ಕಿತ್ತುಕೊಂಡಂತೆ ದಿನಚರಿ ಥಟ್ಟನೆ ನಿಂತಿದ್ದರೆ, ಅದು ಮೂರನೆಯ ಬಗೆ.

ನಾನು ಹೋದ ದಿನ ಮೊಬೈಲು ಎದುರಿಗೆ ಇಟ್ಟು ವಿಡಿಯೊ ಮಾಡಿದೆವು. ದೋಷದ ಪರದೆ ಬರಲೇ ಇಲ್ಲ. ಚುಕ್ಕೆಗಳು ಸುತ್ತುತ್ತಿದ್ದವು, ಮರುಕ್ಷಣ ಕಪ್ಪು, ಆಮೇಲೆ ಮದರ್‌ಬೋರ್ಡಿನ ಲೋಗೊ. ದಿನಚರಿಯೂ ಹಾಗೇ, ನಡುವೆ ನಿಂತಿತ್ತು. ಅಲ್ಲಿ ಕೆಲಸ ಕಲಿಯುತ್ತಿದ್ದ ಐಟಿಐ ಹುಡುಗನ ಕೈಗೆ ಒಂದು ನೋಟ್‌ಬುಕ್ಕು ಕೊಟ್ಟು, ಕಪ್ಪಾದಾಗಲೆಲ್ಲ ಗಂಟೆ ಮತ್ತು ಪರದೆಯ ಮೇಲಿನ ಶೇಕಡಾ ಅಂಕಿ ಬರಿ ಅಂದೆ. ಅವನು ಬರೆದದ್ದು ಹೀಗಿತ್ತು: 10.22ಕ್ಕೆ 34, 10.41ಕ್ಕೆ 71, 11.07ಕ್ಕೆ 12, 11.20ಕ್ಕೆ 58.

ಈ ನಾಲ್ಕು ಸಾಲು ಓದಿದರೆ ಎಷ್ಟೋ ಅನುಮಾನಗಳು ಕಳಚಿ ಬೀಳುತ್ತವೆ. ಪೆನ್‌ಡ್ರೈವಿನಲ್ಲಿ ಒಂದು ಕಡತ ಹಾಳಾಗಿದ್ದರೆ ಅಥವಾ ಡಿಸ್ಕಿನ ಒಂದು ಜಾಗ ಸತ್ತಿದ್ದರೆ ಪ್ರತಿಸಲವೂ ಅದೇ ಅಂಕಿಯ ಹತ್ತಿರ ಎಡವಬೇಕಿತ್ತು, ಅದೂ ಬಹುತೇಕ ದೋಷದ ಸಂದೇಶ ಕೊಟ್ಟೇ. ಬಯೋಸಿನಲ್ಲಿ ಡಿಸ್ಕಿನ ಸಾಟಾ ಮೋಡ್ ಬದಲಾಗಿ ವಿಂಡೋಸಿಗೆ ತನ್ನ ಡಿಸ್ಕೇ ಕಾಣದಿದ್ದರೆ ದೋಷದ ಪರದೆಯ ಮೇಲೆ 7ಬಿ ಎಂಬ ಸಂಕೇತ ಬರುತ್ತದೆ, ಅದೂ ಡಿಸ್ಕಿನಿಂದ ಎದ್ದ ಮೇಲೆ. ಹಳೆಯ ಪ್ರೊಸೆಸರ್ ಆಗಿದ್ದರೆ ಇನ್ನೊಂದು ಕಥೆ. 2024ರಲ್ಲಿ ಬಂದ ವಿಂಡೋಸ್ 11ರ 24ಎಚ್2 ಆವೃತ್ತಿ, ಪಾಪ್‌ಕೌಂಟ್ ಎಂಬ ಸೂಚನೆ ಇಲ್ಲದ ಪ್ರೊಸೆಸರಿನಲ್ಲಿ ಏಳಲಾರದು. ಕೋರ್ 2 ಡುಯೊ ಕಾಲದ ಇಂಟೆಲ್ ಚಿಪ್ಪುಗಳಲ್ಲಿ ಅದಿಲ್ಲ. ಯಾವುದೋ ಟೂಲ್ ಬಳಸಿ ತಪಾಸಣೆ ತಪ್ಪಿಸಿ ಹಾಕಿದರೆ ಲೋಗೊ ತನಕ ಬಂದು ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಅದಕ್ಕೆ ಔಷಧವಿಲ್ಲ, ಬೇರೆ ವ್ಯವಸ್ಥೆಯೇ ಗತಿ. ನಮ್ಮ ಶೆಡ್ಡಿನ ಯಂತ್ರದ ಪ್ರೊಸೆಸರ್ ಇಂಟೆಲ್‌ನ ಎಂಟನೆಯ ತಲೆಮಾರಿನದು, ವಿಂಡೋಸ್ 11ಕ್ಕೆ ಅಧಿಕೃತವಾಗಿಯೇ ಯೋಗ್ಯ.

ಉಳಿದದ್ದು ಗೊತ್ತುಗುರಿಯಿಲ್ಲದೆ ಬೀಳುವ ರೋಗಗಳು: ರ‍್ಯಾಮ್, ಬಿಸಿ, ವಿದ್ಯುತ್ತು.

ರ‍್ಯಾಮ್ ವಿಷಯದಲ್ಲಿ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಮದ್ದು ರಬ್ಬರು. ಪ್ಲಗ್ ಕಿತ್ತು, ಕಬ್ಬಿಣದ ಕ್ಯಾಬಿನೆಟ್ ಮುಟ್ಟಿ ಮೈಯ ಸ್ಥಿರವಿದ್ಯುತ್ತು ಇಳಿಸಿ, ರ‍್ಯಾಮ್ ಪಟ್ಟಿಯ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರಿನಿಂದ ಮೆಲ್ಲಗೆ ಉಜ್ಜಿ ಮತ್ತೆ ಕೂರಿಸುವುದು. ಕೂಲಂಟಿನ ಎಣ್ಣೆಹಬೆ, ಕಬ್ಬಿಣದ ಪುಡಿ ತೇಲಾಡುವ ಶೆಡ್ಡುಗಳಲ್ಲಿ ಇದು ನಿಜಕ್ಕೂ ಫಲ ಕೊಡುತ್ತದೆ. ಅಷ್ಟರ ಮೇಲೂ ಸಂಶಯವಿದ್ದರೆ ಮೆಮ್‌ಟೆಸ್ಟ್ ಎಂಬ ಉಚಿತ ತಂತ್ರಾಂಶವನ್ನು ಪೆನ್‌ಡ್ರೈವಿನಿಂದ ಎಬ್ಬಿಸಿ ರಾತ್ರಿಯಿಡೀ ಓಡಲು ಬಿಡಬೇಕು. ಬೆಳಿಗ್ಗೆ ಒಂದೇ ಒಂದು ಕೆಂಪು ಸಾಲು ಇದ್ದರೂ ಆ ಪಟ್ಟಿ ನಂಬಿಕೆಗೆ ಯೋಗ್ಯವಲ್ಲ. ಇನ್ನು ಬಿಸಿ. ಪ್ರೊಸೆಸರ್ ಮಿತಿ ಮೀರಿ ಕಾದರೆ ಸಾಮಾನ್ಯವಾಗಿ ಯಂತ್ರ ಪೂರ್ತಿ ಆಫ್ ಆಗುತ್ತದೆ, ತಾನಾಗಿ ಮತ್ತೆ ಏಳುವುದು ಕಡಿಮೆ. ಆಫ್ ಆಗುವುದು ಬೇರೆ, ರೀಸ್ಟಾರ್ಟ್ ಆಗುವುದು ಬೇರೆ. ಈ ವ್ಯತ್ಯಾಸ ಗಮನಿಸದೆ ಥರ್ಮಲ್ ಪೇಸ್ಟ್ ಬದಲಿಸಿ ದುಡ್ಡು ಕಳೆದುಕೊಂಡವರಿದ್ದಾರೆ. ನಾವು ಫ್ಯಾನಿನ ದೂಳು ತೆಗೆದೆವು, ರ‍್ಯಾಮ್ ಉಜ್ಜಿದೆವು. 11.48ಕ್ಕೆ ಮತ್ತೆ ಕಪ್ಪು. ಅಂಕಿ 45.

ಉತ್ತರ ಹೇಳಿದ್ದು ಆ ಹುಡುಗ. ನೋಟ್‌ಬುಕ್ ಹಿಡಿದು ಕೂತಿದ್ದರಿಂದ ಅವನ ಕಣ್ಣು ಪರದೆ ಬಿಟ್ಟು ಸುತ್ತಲೂ ಆಡತೊಡಗಿತ್ತು. “ಸರ, ಕಪ್ಪ ಆಗೂಮುಂದ ಟ್ಯೂಬ್‌ಲೈಟ್ ಒಂಚೂರು ಕುಂದತೈತ್ರಿ. ಕಂಪ್ರೆಸರ್ ಶುರು ಆಗೂಮುಂದ.”

ಜಾಬ್ ಮುಗಿದಾಗ ಏರ್‌ಗನ್ನಿನಿಂದ ಹವಾ ಹೊಡೆದು ಪುಡಿ ಹಾರಿಸುತ್ತಾರೆ. ಟ್ಯಾಂಕಿನಲ್ಲಿ ಒತ್ತಡ ಇಳಿಯುತ್ತದೆ. ಪ್ರೆಶರ್ ಸ್ವಿಚ್ ಬಿದ್ದು ಕಂಪ್ರೆಸರಿನ ಮೋಟರ್ ಎದ್ದೇಳುತ್ತದೆ. ಇಂಡಕ್ಷನ್ ಮೋಟರು ನಿಂತಲ್ಲಿಂದ ಏಳುವಾಗ ತನ್ನ ಮಾಮೂಲು ಕರೆಂಟಿನ ಐದಾರು ಪಟ್ಟು ಎಳೆಯುತ್ತದೆ. ಒಂದೇ ಬೋರ್ಡಿನಿಂದ ಹೋದ ತೆಳು ತಂತಿಯಲ್ಲಿ ಆ ಕ್ಷಣಕ್ಕೆ ವೋಲ್ಟೇಜು ಕುಸಿಯುತ್ತದೆ. ಮನುಷ್ಯರಿಗೆ ಅದು ಟ್ಯೂಬ್‌ಲೈಟಿನ ಕಣ್ಣು ಮಿಟುಕಷ್ಟೇ. ಹವಾ ಎಷ್ಟು ಖರ್ಚಾಯಿತು ಎಂಬುದರ ಮೇಲೆ ಕಂಪ್ರೆಸರ್ ಏಳುವ ಹೊತ್ತು ಬದಲಾಗುವುದರಿಂದಲೇ ನೋಟ್‌ಬುಕ್ಕಿನ ಸಮಯಗಳಿಗೆ ತಾಳಮೇಳ ಇರಲಿಲ್ಲ.

ಗೋಡೆಯ ಕರೆಂಟನ್ನು 12, 5, 3.3 ವೋಲ್ಟಿಗೆ ಇಳಿಸಿ ಹಂಚುವ ಪೆಟ್ಟಿಗೆ ಎಸ್‌ಎಂಪಿಎಸ್. ವೋಲ್ಟೇಜುಗಳು ಸರಿಯಿವೆ ಎಂದು ಅದು ಒಂದು ಪ್ರತ್ಯೇಕ ತಂತಿಯ ಮೂಲಕ ಮದರ್‌ಬೋರ್ಡಿಗೆ ಸದಾ ಹೇಳುತ್ತಿರುತ್ತದೆ. ಆ ತಂತಿಯ ಹೆಸರು ‘ಪವರ್ ಗುಡ್’. ಅದು ಒಂದು ಕ್ಷಣ ಇಲ್ಲ ಅಂದರೂ ಸಾಕು, ಮದರ್‌ಬೋರ್ಡು ಪ್ರೊಸೆಸರನ್ನು ಹಿಡಿದು ನಿಲ್ಲಿಸಿ, ಸರಿಯಾದ ಮೇಲೆ ಮೊದಲಿಂದ ಓಡಿಸುತ್ತದೆ. ವಿಂಡೋಸಿಗೆ ಇದರ ಸುಳಿವೇ ಸಿಗುವುದಿಲ್ಲ, ದಿನಚರಿ ಬರೆಯಲು ಪುರುಸೊತ್ತೂ ಇಲ್ಲ. ಮಾನದಂಡದ ಪ್ರಕಾರ ಒಳ್ಳೆಯ ಎಸ್‌ಎಂಪಿಎಸ್, ಗೋಡೆಯ ಕರೆಂಟು ಪೂರ್ತಿ ಹೋದರೂ ಸುಮಾರು 16-17 ಮಿಲಿಸೆಕೆಂಡು ಕೆಪಾಸಿಟರಿನ ಸಂಗ್ರಹದಿಂದ ಯಂತ್ರವನ್ನು ಹಿಡಿದುಕೊಳ್ಳಬೇಕು. ನಮ್ಮ 50 ಹರ್ಟ್ಜ್ ಕರೆಂಟಿನ ಒಂದು ಆವರ್ತ 20 ಮಿಲಿಸೆಕೆಂಡು. ಅಂದರೆ ಹೊಸದಾಗಿದ್ದಾಗಲೂ ಅದಕ್ಕಿರುವ ದಮ್ಮು ಒಂದು ಆವರ್ತದಷ್ಟೂ ಇಲ್ಲ. ಕೆಪಾಸಿಟರಿನ ಸುತ್ತ 10 ಡಿಗ್ರಿ ಬಿಸಿ ಏರಿದರೆ ಅದರ ಆಯುಷ್ಯ ಅರ್ಧಕ್ಕೆ ಇಳಿಯುತ್ತದೆ ಎಂಬ ಸ್ಥೂಲ ಲೆಕ್ಕವೊಂದಿದೆ. ತಗಡಿನ ಚಾವಣಿಯ ಕೆಳಗೆ ಐದಾರು ಬೇಸಿಗೆ ಕಳೆದ ಪೆಟ್ಟಿಗೆಯ ಸ್ಥಿತಿ ಊಹಿಸಿಕೊಳ್ಳಿ. ಜಾಲರಿಯೊಳಗೆ ಟಾರ್ಚ್ ಬಿಟ್ಟು ನೋಡಿದೆ. ಎರಡು ಕೆಪಾಸಿಟರುಗಳ ಚಪ್ಪಟೆ ತಲೆ ಪುರಿಯಂತೆ ಉಬ್ಬಿತ್ತು. ಟಾರ್ಚ್ ಬಿಟ್ಟು ನೋಡಿ, ಪೆಟ್ಟಿಗೆ ಮಾತ್ರ ಬಿಚ್ಚಬೇಡಿ. 230 ವೋಲ್ಟಿನ ಕರೆಂಟು ಒಳಗೆ ಸುಮಾರು 325 ವೋಲ್ಟಾಗಿ ಸಂಗ್ರಹವಾಗಿರುತ್ತದೆ, ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಉಳಿದಿರುತ್ತದೆ.

ಮಾಲಕರಿಗೆ ಒಂದು ಪ್ರಶ್ನೆ ಉಳಿದಿತ್ತು. ನ್ಯಾಯವಾದ ಪ್ರಶ್ನೆಯೇ. “ಕಂಪ್ರೆಸರ್ ಮೊದಲೂ ಇತ್ತಲ್ರೀ. ಫಾರ್ಮ್ಯಾಟ್ ಹೊಡಿಯೂತನಕ ಏನೂ ಆಗಿರಲಿಲ್ಲ.” ಬಿಲ್ಲು ಬರೆಯುವಾಗ, ಡ್ರಾಯಿಂಗ್ ನೋಡುವಾಗ ಪ್ರೊಸೆಸರು ಹೆಚ್ಚುಕಡಿಮೆ ನಿದ್ದೆಯಲ್ಲಿರುತ್ತದೆ. ಇನ್‌ಸ್ಟಾಲಿನಲ್ಲಿ ಸಾವಿರಾರು ಕಡತಗಳನ್ನು ಬಿಡಿಸುವಾಗ ಅದರ ಎಲ್ಲ ಕೋರುಗಳೂ ದುಡಿಯುತ್ತವೆ, ಡಿಸ್ಕು ಎಡೆಬಿಡದೆ ಬರೆಯುತ್ತದೆ. ಆ ಯಂತ್ರ ವರ್ಷಗಳ ಮೇಲೆ ಮಾಡಿದ ಮೊದಲ ಗಟ್ಟಿ ದುಡಿಮೆ ಅದು. ಹೊರೆ ಹೆಚ್ಚಿದಷ್ಟೂ ಕೆಪಾಸಿಟರಿನ ಸಂಗ್ರಹ ಬೇಗ ಬರಿದಾಗುತ್ತದೆ. ಖಾಲಿ ಕೂತಾಗ ತಡೆದುಕೊಳ್ಳುತ್ತಿದ್ದ ಕುಸಿತವನ್ನು ದುಡಿಯುವಾಗ ತಡೆಯಲಾಗಲಿಲ್ಲ. ಯುಪಿಎಸ್ ಇತ್ತು. ಬ್ಯಾಟರಿ ಹೋಗಿದೆಯೆಂದು ಅದನ್ನು ಅಟ್ಟಕ್ಕೆ ಏರಿಸಿ, ಕಂಪ್ಯೂಟರನ್ನು ನೇರ ಬೋರ್ಡಿಗೆ ಚುಚ್ಚಿದ್ದರು. ಓಎಸ್ ಹಾಕಿದ ಮೇಲೆ ಕೆಟ್ಟಿತು ಅನ್ನುವುದನ್ನು ನಾನು ಎಷ್ಟು ಕಡೆ ಕೇಳಿದ್ದೇನೋ. ಮೊದಲೇ ಸೋತಿದ್ದ ಭಾಗವನ್ನು ಓಎಸ್ ಬಯಲಿಗೆ ತಂದಿರುತ್ತದೆ, ಅಷ್ಟೆ.

ಬೇಲೂರಿನಂಥ ಜಾಗದಲ್ಲಿ ಇನ್ನೊಂದು ಬಗೆಯ ರೀಸ್ಟಾರ್ಟನ್ನೂ ಕಾಣಬಹುದು. ಮನೆಯ ಕಂಪ್ಯೂಟರ್ ಬಲ್ಲವರಿಗೆ ಅದು ಹೊಳೆಯುವುದೇ ಇಲ್ಲ. ಯಂತ್ರಗಳ ಪ್ಯಾನೆಲ್ಲಿನಲ್ಲಿ ಕೂರುವ ಕೈಗಾರಿಕಾ ಕಂಪ್ಯೂಟರುಗಳಲ್ಲಿ ‘ವಾಚ್‌ಡಾಗ್’ ಎಂಬ ಕಾವಲು ಗಡಿಯಾರ ಇರುತ್ತದೆ. ಓಡುತ್ತಿರುವ ತಂತ್ರಾಂಶ ಆಗಾಗ ಅದನ್ನು ತಟ್ಟಿ, ನಾನು ಎಚ್ಚರವಿದ್ದೇನೆ ಎನ್ನಬೇಕು. ನಿಗದಿತ ಹೊತ್ತಿನೊಳಗೆ ತಟ್ಟದಿದ್ದರೆ ತಂತ್ರಾಂಶ ಸ್ತಬ್ಧವಾಗಿದೆ ಎಂದು ತಿಳಿದು ಅದು ಯಂತ್ರವನ್ನೇ ರೀಸೆಟ್ ಮಾಡುತ್ತದೆ. ಹೊಸ ಓಎಸ್ ಹಾಕುವಾಗ ತಟ್ಟುವವರು ಯಾರೂ ಇಲ್ಲ. ಬಯೋಸಿನಲ್ಲಿ ಅದು ಚಾಲೂ ಇದ್ದರೆ ಪ್ರತಿ ಸಲ ಅಷ್ಟೇ ನಿಮಿಷಕ್ಕೆ, ಅಳೆದು ಕೊಟ್ಟಂತೆ, ರೀಸ್ಟಾರ್ಟ್. ನೋಟ್‌ಬುಕ್ಕಿನಲ್ಲಿ ಸಮಾನ ಅಂತರ ಕಂಡರೆ ಮೊದಲು ನೋಡಬೇಕಾದದ್ದು ಇದನ್ನು. ಬಯೋಸಿನಲ್ಲಿ ಅದನ್ನು ಆಫ್ ಮಾಡಿ, ಕೆಲಸ ಮುಗಿದ ಮೇಲೆ ಮರೆಯದೆ ಆನ್ ಮಾಡಬೇಕು.

ಇದೇ ಕಾವಲು ಗಡಿಯಾರ ಒಮ್ಮೆ ಮಂಗಳ ಗ್ರಹದ ಮೇಲೂ ಕಾಡಿತ್ತು. 1997ರ ಜುಲೈ 4ರಂದು ನಾಸಾದ ಪಾತ್‌ಫೈಂಡರ್ ಅಲ್ಲಿ ಇಳಿಯಿತು. ಹವಾಮಾನದ ಅಳತೆ ಶುರು ಮಾಡಿದ ಕೆಲವೇ ದಿನಗಳಲ್ಲಿ ಅದರ ಕಂಪ್ಯೂಟರ್ ಮತ್ತೆ ಮತ್ತೆ ರೀಸೆಟ್ ಆಗತೊಡಗಿತು. ಹೋಗಿ ಪ್ಲಗ್ ಕೀಳುವಂತಿಲ್ಲ, ಮತ್ತೊಮ್ಮೆ ಹಾಕಿ ನೋಡೋಣ ಎನ್ನುವಂತಿಲ್ಲ. ಎಂಜಿನಿಯರುಗಳು ಭೂಮಿಯಲ್ಲಿದ್ದ ಅದರ ಪಡಿಯಚ್ಚಿನ ಮೇಲೆ ಅದೇ ಕೆಲಸಗಳನ್ನು ಓಡಿಸಿ, ಪ್ರತಿ ಹೆಜ್ಜೆಯನ್ನೂ ದಾಖಲಿಸುತ್ತ ಆ ರೀಸೆಟ್ ಮರುಕಳಿಸುವ ತನಕ ಕಾದರು. ಕಡೆಗೆ ಸಿಕ್ಕಿತು. ಕಡಿಮೆ ಮಹತ್ವದ ಹವಾಮಾನ ಕೆಲಸ ಒಂದು ಬೀಗ ಹಿಡಿದುಕೊಂಡಿರುವಾಗ, ನಡುಮಟ್ಟದ ಕೆಲಸಗಳು ಅದನ್ನು ತಳ್ಳಿ ಮುಂದೆ ಹೋಗುತ್ತಿದ್ದವು. ಅದೇ ಬೀಗಕ್ಕಾಗಿ ಅತಿ ಮಹತ್ವದ ಕೆಲಸ ಕಾಯುತ್ತ ನಿಲ್ಲುತ್ತಿತ್ತು. ಹೊತ್ತು ಮೀರಿದ್ದು ಕಂಡು ಕಾವಲು ಗಡಿಯಾರ ಎಲ್ಲವನ್ನೂ ಕೆಡವುತ್ತಿತ್ತು. ಬೀಗ ಹಿಡಿದವನಿಗೆ ತಾತ್ಕಾಲಿಕವಾಗಿ ಮೇಲ್ದರ್ಜೆ ಕೊಡುವ ಒಂದು ಆಯ್ಕೆಯನ್ನು ಇಲ್ಲಿಂದಲೇ ಚಾಲೂ ಮಾಡಿದರು. ರೀಸೆಟ್ ನಿಂತಿತು. ನನಗೆ ಈ ಪ್ರಸಂಗ ಬಹಳ ಹಿಡಿಸಿದ್ದು ಅವರ ತಾಳ್ಮೆಗಾಗಿ. ತೊಂದರೆಯನ್ನು ಓಡಿಸುವ ಮೊದಲು ಅದು ಇನ್ನೊಮ್ಮೆ ಬರಲಿ, ನೋಡೋಣ ಎಂದು ಅವರು ಕಾದರು.

ಭೂಮಿಯ ಮೇಲೆ ಲಕ್ಷಗಟ್ಟಲೆ ಯಂತ್ರಗಳು ಒಟ್ಟಿಗೆ ರೀಸ್ಟಾರ್ಟಿನ ಸುಳಿಗೆ ಬಿದ್ದದ್ದು 2024ರ ಜುಲೈ 19ರಂದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ತಂತ್ರಾಂಶಕ್ಕೆ ಬಂದ ಒಂದು ಪುಟ್ಟ ಪರಿಷ್ಕರಣೆಯಲ್ಲಿ, 20 ಮಾಹಿತಿಗಳಿಗೆ ಜಾಗ ಇದ್ದಲ್ಲಿ 21ನೆಯದನ್ನು ಓದಲು ಹೊರಟ ದೋಷವಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ 85 ಲಕ್ಷ ವಿಂಡೋಸ್ ಯಂತ್ರಗಳು ಕುಸಿದವು. ಅವುಗಳಲ್ಲಿ ಎಷ್ಟೋ ನೀಲಿ ಪರದೆ ತೋರಿಸಿ ಎದ್ದು ಮತ್ತೆ ಬೀಳುತ್ತಿದ್ದವು. ಬೆಂಗಳೂರಿನ ಕೆಂಪೇಗೌಡ ವಿಮಾನ ನಿಲ್ದಾಣದಲ್ಲೂ ಚೆಕ್‌ಇನ್ ಕೈಯಿಂದ ಮಾಡುವಂತಾಯಿತು. ದೇಶದ ಹಲವೆಡೆ ಪ್ರಯಾಣಿಕರು ಕೈಬರಹದ ಬೋರ್ಡಿಂಗ್ ಪಾಸ್ ಹಿಡಿದು ನಿಂತರು. ಪರಿಹಾರ ಒಂದೇ ಒಂದು ಕಡತ ಅಳಿಸುವುದು. ಆದರೆ ಏಳಲಾರದ ಯಂತ್ರಕ್ಕೆ ದೂರದಿಂದ ಆಜ್ಞೆ ಕಳಿಸಲಾಗದು. ಬಹುಪಾಲು ಕಡೆ ಒಬ್ಬೊಬ್ಬರು ಹೋಗಿ, ಒಂದೊಂದೇ ಯಂತ್ರದ ಮುಂದೆ ಕೂತು, ಸೇಫ್ ಮೋಡಿನಲ್ಲಿ ಎಬ್ಬಿಸಿ ಅಳಿಸಬೇಕಾಯಿತು.

ವಿಂಡೋಸ್ ಎಕ್ಸ್‌ಪಿ ಕಾಲದವರಿಗೆ ಇನ್ನೊಂದು ನೆನಪು ಇರಬೇಕು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹುಳು ಹರಡಿದಾಗ, ಆಗತಾನೆ ಹಾಕಿದ ಎಕ್ಸ್‌ಪಿಗೆ ಇಂಟರ್ನೆಟ್ ತಂತಿ ಚುಚ್ಚಿದ ಸ್ವಲ್ಪ ಹೊತ್ತಿಗೆ 60 ಸೆಕೆಂಡಿನ ಎಣಿಕೆ ಶುರುವಾಗಿ ಯಂತ್ರ ತಾನೇ ರೀಸ್ಟಾರ್ಟ್ ಆಗುತ್ತಿತ್ತು. ಆಗಲೂ ಎಷ್ಟೋ ಜನ ಸೀಡಿ ಸರಿಯಿಲ್ಲವೆಂದು ಬೇರೆ ಸೀಡಿ ತಂದು ಮತ್ತೆ ಮತ್ತೆ ಹಾಕಿದರು. ತಂತಿ ಚುಚ್ಚಿದ ಮೇಲಷ್ಟೇ ಆಗುತ್ತಿದೆ ಎಂಬುದನ್ನು ಗಮನಿಸಿದವರು ಮೊದಲು ತಂತಿ ಕಿತ್ತು, ಆಮೇಲೆ ತೇಪೆ ಹಾಕಿದರು.

ಶೆಡ್ಡಿನಲ್ಲಿ ಊಟದ ಹೊತ್ತಾಗಿತ್ತು. ಕೆಲಸಗಾರರು ಡಬ್ಬಿ ಬಿಚ್ಚಿ ರೊಟ್ಟಿಗೆ ಕೈ ಹಾಕಿದ್ದರು. ಕಂಪ್ರೆಸರಿನ ಮೇನ್ ಸ್ವಿಚ್ ಆಫ್ ಮಾಡಿಸಿ ಇನ್‌ಸ್ಟಾಲ್ ಶುರು ಮಾಡಿದೆವು. 34 ದಾಟಿತು, 58 ದಾಟಿತು, 71 ದಾಟಿತು. ಬರಬೇಕಾದ ಎರಡು ರೀಸ್ಟಾರ್ಟ್ ಬಂದವು. ಮೊದಲನೆಯದರಲ್ಲಿ ಹುಡುಗ ಪೆನ್‌ಡ್ರೈವ್ ಕಿತ್ತು ಜೇಬಿಗೆ ಹಾಕಿಕೊಂಡ. ಊಟ ಮುಗಿಯುವ ಹೊತ್ತಿಗೆ ಹೆಸರು, ಪಾಸ್‌ವರ್ಡ್ ಕೇಳುವ ಪರದೆ ಬಂದಿತ್ತು. ಮಾಲಕರು ಅಷ್ಟಕ್ಕೇ ಕೈಮುಗಿದರು. ಇನ್ನೂ ಮುಗಿದಿಲ್ಲ ಅಂದೆ. ಕಂಪ್ರೆಸರ್ ಆಫ್ ಮಾಡಿ ಕಾರ್ಖಾನೆ ನಡೆಸಲಾಗುವುದಿಲ್ಲವಲ್ಲ.

ಎರಡು ದಿನದ ಮೇಲೆ ಹೊಸ ಎಸ್‌ಎಂಪಿಎಸ್ ಕೂರಿಸಿ, ಅಟ್ಟದ ಯುಪಿಎಸ್‌ಗೆ ಹೊಸ ಬ್ಯಾಟರಿ ಹಾಕಿ ಇಳಿಸಿದೆವು. ಎಲೆಕ್ಟ್ರಿಷಿಯನ್ ಬಂದು ಕ್ಯಾಬಿನ್ನಿಗೆ ಮೇನ್ ಬೋರ್ಡಿನಿಂದಲೇ ಬೇರೆ ತಂತಿ ಎಳೆದು, ಅರ್ಥಿಂಗ್ ಬಿಗಿ ಮಾಡಿದ. ಯಂತ್ರದ ಮೇಲೆ ಭಾರ ಹಾಕಲು ದೊಡ್ಡದೊಂದು ಕಡತದ ಗಂಟನ್ನು ಬಿಡಿಸಲು ಕೊಟ್ಟು, ಏರ್‌ಗನ್ ಒತ್ತಿ ಹಿಡಿಯಲು ಹೇಳಿದೆ. ಟ್ಯಾಂಕಿನ ಮುಳ್ಳು ಇಳಿಯುತ್ತ ಬಂತು. ಕಟ್ ಎಂದು ಸ್ವಿಚ್ ಬಿತ್ತು, ಮೋಟರ್ ಗುಮ್ಮೆಂದು ಎದ್ದಿತು, ಶೆಡ್ಡಿನ ಟ್ಯೂಬ್‌ಲೈಟು ಒಂಚೂರು ಕುಂದಿತು. ಹುಡುಗ ಆಗಲೇ ನೋಟ್‌ಬುಕ್ ತೆರೆದಿದ್ದ. ಗಡಿಯಾರ ನೋಡಿ 3.05 ಎಂದು ಬರೆದು, ಮುಂದೆ ಕಂಪ್ರೆಸರ್ ಆನ್ ಎಂದು ಸೇರಿಸಿದ. ಪರದೆಯ ಕಡೆ ತಿರುಗಿ ಸ್ವಲ್ಪ ಹೊತ್ತು ಕಾದ. ಪಕ್ಕದಲ್ಲಿ ಶೇಕಡಾ ಅಂಕಿ ಬರೆಯುವ ಜಾಗವನ್ನು ಖಾಲಿ ಬಿಟ್ಟು ಪುಸ್ತಕ ಮುಚ್ಚಿದ.